ಹತ್ತಿದ ಗೇರಲ್ಲೇ ಇಳಿ: ಆಗುಂಬೆ ಘಾಟಿ, ಒಂದು ಸಣ್ಣ ಕಾರು, ಅದರ 'ಎಸ್' ಬಟನ್

ನಮ್ಮ ಮನೆಯ ಕಾರಿನಲ್ಲಿ ಗೇರ್ ಲಿವರ್ ಪಕ್ಕ ಒಂದು ಪುಟ್ಟ ಬಟನ್ ಇದೆ. ಮೇಲೆ 'ಎಸ್' ಅಂತ ಬರೆದಿದೆ. ಗಾಡಿ ಬಂದ ಮೊದಲ ಎರಡು ವರ್ಷ ಅದನ್ನು ಒತ್ತಿದವನು ನನ್ನ ಅಣ್ಣನ ಮಗ ಒಬ್ಬನೇ. ಅದೂ ಊರ ಹೊರಗಿನ ನೇರ ರಸ್ತೆಯಲ್ಲಿ, ಅವನ ಅಮ್ಮ ಜೊತೆಗಿಲ್ಲದಾಗ. ನಾನಂತೂ ಆ ಬಟನ್ ಕಣ್ಣಿಗೆ ಬಿದ್ದಾಗಲೆಲ್ಲ ನಗುತ್ತಿದ್ದೆ. ಮೂರು ಸಿಲಿಂಡರಿನ ಸಣ್ಣ ಎಂಜಿನ್ನಿಗೆ ಸ್ಪೋರ್ಟ್ ಮೋಡ್ ಅಂತೆ! ಎಮ್ಮೆಗೆ ಲಗಾಮು ಹಾಕಿದ ಹಾಗೆ.

ಈಗ ನಗುವುದಿಲ್ಲ. ಯಾಕೆ ಅಂತ ಹೇಳೋದಕ್ಕೇ ಈ ಬರಹ. ಒಂದು ಗಾಡಿ, ಒಂದು ಘಾಟಿ, ಒಬ್ಬ ಡ್ರೈವರ್, ಸುಮಾರು ಒಂದು ವರ್ಷ. ಇಷ್ಟೇ ಇದರ ವ್ಯಾಪ್ತಿ.

ಗಾಡಿ ಮತ್ತು ಅತ್ತಿಗೆ

ಗಾಡಿ ಯಾವ ಕಂಪನಿಯದು ಅನ್ನೋದು ಇಲ್ಲಿ ಮುಖ್ಯವಲ್ಲ. ಈಗ ರಸ್ತೆಯಲ್ಲಿ ಕಾಣುವ ಹತ್ತರಲ್ಲಿ ಒಂದು ಅಂದುಕೊಳ್ಳಿ. 1.2 ಲೀಟರ್ ಪೆಟ್ರೋಲ್ ಎಂಜಿನ್, ಟರ್ಬೋ ಇಲ್ಲ. 85 ಅಶ್ವಶಕ್ತಿಯ ಆಸುಪಾಸು. ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, 113 ನ್ಯೂಟನ್ ಮೀಟರ್. ಅದು ಪೂರ್ತಿ ಸಿಗುವುದು 3300 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹತ್ತಿರ ಹೋದ ಮೇಲೆ. ಐದು ಗೇರಿನ ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರನ್ನು ತಾನೇ ಬದಲಿಸುವ ಗೇರ್‌ಬಾಕ್ಸ್. ಖಾಲಿ ಗಾಡಿ ಒಂದು ಟನ್ನಿಗೆ ಸ್ವಲ್ಪ ಕಡಿಮೆ ತೂಗುತ್ತದೆ. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಎರಡು ಚೀಲ ಇಟ್ಟರೆ 1200 ಕೆ.ಜಿ. ಆಗುತ್ತದೆ.

ಓಡಿಸುವವರು ನನ್ನ ಅತ್ತಿಗೆ. 46ನೇ ವಯಸ್ಸಿಗೆ ಡ್ರೈವಿಂಗ್ ಕಲಿತರು. ಡ್ರೈವಿಂಗ್ ಸ್ಕೂಲಿನ ಹಳೇ ಗಾಡಿಯಲ್ಲಿ ಒಂದು ತಿಂಗಳು ಕ್ಲಚ್ ತುಳಿದು, ಲೈಸೆನ್ಸ್ ಮಾಡಿಸಿಕೊಂಡು, ಆಮೇಲೆ ಆ ಮೂರನೇ ಪೆಡಲ್‌ಗೆ ಕೈಮುಗಿದುಬಿಟ್ಟರು. ಅಂದಿನಿಂದ ಎಎಂಟಿ ಮಾತ್ರ. ತಾಳ್ಮೆ ಇದೆ, ತಿರುವಿನಲ್ಲಿ ಹಾರ್ನ್ ಮರೆಯುವುದಿಲ್ಲ, ಕನ್ನಡಿ ನೋಡುತ್ತಾರೆ. ನನಗಿಂತ ಚೆನ್ನಾಗಿ ಓಡಿಸುತ್ತಾರೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ನಾನು ಒಪ್ಪಿಕೊಳ್ಳುತ್ತಿರೋದು ಮಾತ್ರ ಇದೇ ಮೊದಲು.

ತಿಂಗಳಿಗೊಮ್ಮೆ ಅಪ್ಪನನ್ನು ಕಣ್ಣು ತೋರಿಸಲು ಉಡುಪಿಗೆ ಕರೆದುಕೊಂಡು ಹೋಗಬೇಕು. ತೀರ್ಥಹಳ್ಳಿಯಿಂದ ಆಗುಂಬೆ, ಸೋಮೇಶ್ವರ, ಹೆಬ್ರಿ, ಅಲ್ಲಿಂದ ಉಡುಪಿ. ರಾಷ್ಟ್ರೀಯ ಹೆದ್ದಾರಿ 169ಎ. ಹತ್ತಿರ ಹತ್ತಿರ 90 ಕಿಲೋಮೀಟರ್. ಆಗುಂಬೆ ಇರುವುದು ಸಮುದ್ರ ಮಟ್ಟದಿಂದ 640 ಮೀಟರ್ ಆಸುಪಾಸಿನಲ್ಲಿ. ಸೋಮೇಶ್ವರ ಘಾಟಿಯ ಬುಡದಲ್ಲಿ. ನಡುವೆ ಹದಿನಾಲ್ಕು ಹೇರ್‌ಪಿನ್ ತಿರುವು. ಭಾರಿ ಲಾರಿಗಳಿಗೆ ಪ್ರವೇಶ ಇಲ್ಲ, ಬಸ್ಸುಗಳೂ ಮಿನಿ ಬಸ್ಸುಗಳೇ. ಆದರೆ ಶನಿವಾರ ಭಾನುವಾರ ಸೂರ್ಯಾಸ್ತ ನೋಡಲು ಬರುವವರ ಸಾಲು, ರಸ್ತೆ ಮಧ್ಯೆ ನಿಂತು ಮಂಗಗಳಿಗೆ ಬಿಸ್ಕೆಟ್ ಕೊಡುವವರು. ಕೊಡಬೇಡಿ ಅಂತ ಬೋರ್ಡ್ ಇದೆ. ಬೋರ್ಡ್ ಕೆಳಗೇ ನಿಂತು ಕೊಡುತ್ತಾರೆ.

ಆ ಶನಿವಾರ

ಜನವರಿ. ಮಳೆ ಇಲ್ಲ, ಮಂಜಿಲ್ಲ, ರಸ್ತೆ ಒಣಗಿತ್ತು. ಅತ್ತಿಗೆ ಓಡಿಸುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ಅಪ್ಪ ಅಮ್ಮ. ಲಿವರ್ ಎಂದಿನಂತೆ 'ಎ'ಯಲ್ಲಿ, ಅಂದರೆ ಆಟೋಮ್ಯಾಟಿಕ್‌ನಲ್ಲಿ.

ಮೊದಲ ನಾಲ್ಕೈದು ತಿರುವು ಏನೂ ಅನ್ನಿಸಲಿಲ್ಲ. ಬ್ರೇಕ್ ಹಿಡಿಯುವುದು, ತಿರುಗಿಸುವುದು, ಬಿಡುವುದು. ಬಿಟ್ಟ ಕೂಡಲೇ ಗಾಡಿ ಓಡುತ್ತಿತ್ತು, ಮತ್ತೆ ಬ್ರೇಕ್. ಮೇಲಿಂದ ಎಣಿಸಿದರೆ ಎಂಟನೆಯದೋ ಒಂಬತ್ತನೆಯದೋ ತಿರುವು ಇರಬೇಕು, ಹಿಂದಿನಿಂದ ಅಪ್ಪ, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ" ಅಂದರು. ಮುಂದೆ ಹೋಗುತ್ತಿದ್ದ ಮಿನಿ ಬಸ್ಸಿನದು ಅಂತ ನಾನು ಹೇಳಿದೆ. ಕಿಟಕಿ ಏರಿಸಿದೆವು. ವಾಸನೆ ಜಾಸ್ತಿ ಆಯಿತು. ಒಳಗಿನದ್ದೇ, ಅಂದರೆ ನಮ್ಮದೇ!

ಹನ್ನೆರಡನೇ ತಿರುವಿನ ಹೊತ್ತಿಗೆ ಅತ್ತಿಗೆ ಮಾತು ನಿಲ್ಲಿಸಿದ್ದರು. ಆಮೇಲೆ ಹೇಳಿದ್ದು: ಪೆಡಲ್ ಎಂದಿಗಿಂತ ಎರಡು ಬೆರಳು ಹೆಚ್ಚು ಕೆಳಗೆ ಹೋಗುತ್ತಿತ್ತಂತೆ. ಹೇಳಿದರೆ ಅಮ್ಮ ಗಾಬರಿಯಾಗುತ್ತಾರೆ ಅಂತ ಸುಮ್ಮನಿದ್ದರಂತೆ.

ಸೋಮೇಶ್ವರದ ಚೆಕ್‌ಪೋಸ್ಟ್ ದಾಟಿ ಮರದ ನೆರಳಲ್ಲಿ ನಿಲ್ಲಿಸಿದೆವು. ಮುಂದಿನ ಚಕ್ರದ ಹತ್ತಿರ ಗೇಣು ದೂರದಲ್ಲಿ ಕೈ ಹಿಡಿದರೆ ಒಲೆ ಮುಂದೆ ಹಿಡಿದ ಹಾಗಿತ್ತು. ಅಲ್ಲೇ ಟೀ ಕುಡಿಯುತ್ತಿದ್ದ ಮಿನಿ ಬಸ್ಸಿನ ಡ್ರೈವರ್ ಒಬ್ಬರು ಲೋಟ ಹಿಡಿದುಕೊಂಡೇ ಬಂದರು. ಬಗ್ಗಿ ಮೂಸಿದರು.

"ಯಾವ ಗೇರಲ್ಲಿ ಇಳಿಸಿದ್ರಿ ಅಕ್ಕಾ?"

"ಇದು ಆಟೋಮ್ಯಾಟಿಕ್ ಅಲ್ವಾ, ಅದೇ ಹಾಕಿಕೊಳ್ಳುತ್ತೆ."

"ಅದಕ್ಕೇನು ಗೊತ್ತು, ಇದು ಘಾಟಿ ಅಂತ?"

ಇಷ್ಟು ಹೇಳಿ ಅವರು ಲೋಟ ವಾಪಸ್ ಕೊಡಲು ಹೋದರು. ಆ ದಿನದ ಇಡೀ ತಾಂತ್ರಿಕ ವರದಿ ಆ ಒಂದು ಸಾಲಿನಲ್ಲಿತ್ತು. ನಾವು ಅರ್ಧ ಗಂಟೆ ಕಾದೆವು. ಬ್ರೇಕ್ ಆರಿತು, ಪೆಡಲ್ ಮತ್ತೆ ಗಟ್ಟಿಯಾಯಿತು, ಉಡುಪಿಗೆ ಹೋದೆವು.

ಸಂಜೆ ವಾಪಸ್ ಹತ್ತುವಾಗ ಇನ್ನೊಂದು ಪಾಠ. ಒಂದು ತಿರುವಿನಲ್ಲಿ ಎದುರಿಂದ ಗಾಡಿ ಅಗಲಕ್ಕೆ ಬಂತು. ಇಕ್ಕಟ್ಟಾದ ಘಾಟಿ ರಸ್ತೆಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಅಂತ ನಿಯಮವೇ ಇದೆ. ಎಷ್ಟು ಜನ ಪಾಲಿಸುತ್ತಾರೆ ಅನ್ನೋದು ಬೇರೆ ಮಾತು. ನಾವೇ ನಿಂತೆವು. ಮತ್ತೆ ಹೊರಡುವಾಗ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಒತ್ತುವಷ್ಟರಲ್ಲಿ ಗಾಡಿ ಎರಡು ಅಡಿ ಹಿಂದಕ್ಕೆ ಜಾರಿತು. ಹಿಂದಿದ್ದ ಬೈಕಿನವನು ಕೂಗಿದ. ಹೇಗೋ ಎದ್ದು ಹೋದೆವು. ಮುಂದಿನ ತಿರುವಿನಲ್ಲಿ ಇನ್ನೂ ಸ್ಟೀರಿಂಗ್ ತಿರುಗಿಸುತ್ತಿರುವಾಗಲೇ ಗೇರ್‌ಬಾಕ್ಸ್ ಎರಡರಿಂದ ಮೂರಕ್ಕೆ ಹೋಗಿಬಿಟ್ಟಿತು. ಗಾಡಿ ನಡುನೀರಲ್ಲಿ ಕೈ ಬಿಟ್ಟ ಹಾಗೆ ಒಂದು ಕ್ಷಣ ತೇಲಿ, ಉಸಿರುಕಟ್ಟಿ, ಮತ್ತೆ ಎರಡಕ್ಕೆ ಬಂತು. ಹೀಗೆ ಪ್ರತಿ ತಿರುವಿಗೂ. ಮೇಲೆ ಬಂದು ನಿಂತಾಗ ಅತ್ತಿಗೆ, "ಇನ್ನು ಮೇಲೆ ಘಾಟಿ ನೀವೇ ಓಡಿಸಿ" ಅಂದರು.

ಗೇರ್‌ಬಾಕ್ಸಿನ ತಲೆಯಲ್ಲಿ ಏನು ಓಡುತ್ತಿತ್ತು

ಎಎಂಟಿ ಅಂದರೆ ಒಳಗೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ ಕಾಲು, ಗೇರ್ ಹಾಕುವ ಕೈ, ಇವೆರಡರ ಕೆಲಸವನ್ನು ಮಾತ್ರ ಒಂದು ಪುಟ್ಟ ಯಂತ್ರಕ್ಕೆ ವಹಿಸಿದ್ದಾರೆ. ನಮ್ಮ ದೇಶದ ಸಣ್ಣ ಕಾರುಗಳಿಗೆ ಇದು ಬಂದದ್ದು 2014ರಲ್ಲಿ, ಮಾರುತಿ ಸೆಲೆರಿಯೊ ಮೂಲಕ. ತಂತ್ರ ಇಟಲಿಯ ಮ್ಯಾಗ್ನೆಟಿ ಮಾರೆಲ್ಲಿಯದು. ಕಡಿಮೆ ದುಡ್ಡಿಗೆ ಆಟೋಮ್ಯಾಟಿಕ್, ಮೈಲೇಜೂ ಹೋಗುವುದಿಲ್ಲ. ಜನ ಮುಗಿಬಿದ್ದರು, ನಾವೂ ಬಿದ್ದೆವು.

ಮೈಲೇಜ್ ಹೋಗಬಾರದು ಅಂದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ಆದಷ್ಟು ಬೇಗ ಮೇಲಿನ ಗೇರಿಗೆ ಹೋಗಬೇಕು. ಅದಕ್ಕೆ ಹೇಳಿಕೊಟ್ಟಿರುವುದೇ ಅದು. ಅದು ನೋಡುವುದು ಮುಖ್ಯವಾಗಿ ಗಾಡಿಯ ವೇಗ, ಎಂಜಿನ್ ಎಷ್ಟು ತಿರುಗುತ್ತಿದೆ, ನಿಮ್ಮ ಕಾಲು ಆಕ್ಸಿಲರೇಟರ್ ಮೇಲೆ ಎಷ್ಟಿದೆ ಅನ್ನೋದು. ಇಳಿಜಾರಲ್ಲಿ ಕಾಲು ಪೂರ್ತಿ ತೆಗೆದಿದ್ದೀರಿ, ಆದರೂ ವೇಗ ಏರುತ್ತಿದೆ. "ಓ, ಇವರು ಆರಾಮಾಗಿ ಹೋಗ್ತಿದ್ದಾರೆ" ಅಂದುಕೊಂಡು ಅದು ನಾಲ್ಕನೇ ಗೇರ್ ಹಾಕಿಬಿಡುತ್ತದೆ. ದುಬಾರಿ ಗಾಡಿಗಳಲ್ಲಿ ಇಳಿಜಾರನ್ನು ಗುರುತಿಸುವ ಬುದ್ಧಿ ಇರುತ್ತದೆ. ನಮ್ಮದರಲ್ಲಿ ಅದು ಕಾಣಲಿಲ್ಲ.

ನಮ್ಮ ಗಾಡಿಯಲ್ಲಿ ನಾಲ್ಕನೇ ಗೇರಲ್ಲಿ 40ರ ವೇಗಕ್ಕೆ ಎಂಜಿನ್ 1500 ಆರ್‌ಪಿಎಂ ಆಸುಪಾಸು ತಿರುಗುತ್ತದೆ. ಅದೇ 40ಕ್ಕೆ ಎರಡನೇ ಗೇರಾದರೆ 3000 ಹತ್ತಿರ. ಎಂಜಿನ್ ಜೋರಾಗಿ ತಿರುಗಬೇಕಾದಷ್ಟೂ ಅದು ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ನಾಲ್ಕರಲ್ಲಿ ಆ ಎಳೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ಗಾಡಿಯ ಇಡೀ ಭಾರ ಬ್ರೇಕಿನ ಮೇಲೆ.

ಎಷ್ಟು ಭಾರ ಅಂತ ಒಂದು ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. 1200 ಕೆ.ಜಿ. ಗಾಡಿ, ಸುಮಾರು 500 ಮೀಟರ್ ಇಳಿತ. ಆ ಶಕ್ತಿಯಷ್ಟನ್ನೂ ಶಾಖ ಮಾಡಿದರೆ ಹತ್ತೊಂಬತ್ತು ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು. ಬಚ್ಚಲುಮನೆಯ ಹಂಡೆಗೆ ಒಂದು ಕೊಡ ಮೇಲೆ ನೀರು ತುಂಬಿ ಬೆಂಕಿ ಹಾಕಿದ್ದನ್ನು ನೆನೆಸಿಕೊಳ್ಳಿ. ಗಾಳಿ, ಟೈರಿನ ತಿಕ್ಕಾಟ ಒಂದಿಷ್ಟು ತೆಗೆದುಕೊಳ್ಳುತ್ತವೆ, ನಿಜ. ಉಳಿದದ್ದೆಲ್ಲ ಅಂಗೈಯಷ್ಟಗಲದ ನಾಲ್ಕು ಬ್ರೇಕ್ ಪ್ಯಾಡಿಗೆ, ಹಿಂದಿನ ಎರಡು ಡ್ರಮ್ಮಿಗೆ.

ಪ್ಯಾಡ್ ತೀರಾ ಕಾದರೆ ಹಿಡಿತ ಕಡಿಮೆಯಾಗುತ್ತದೆ. ಪೆಡಲ್ ಮೆತ್ತಗಾಗುವುದಕ್ಕೆ ಕಾರಣ ಇನ್ನೊಂದು, ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಕುದಿದರೆ ಗುಳ್ಳೆ ಏಳುತ್ತದೆ, ಪೆಡಲ್ ಒತ್ತಿದರೆ ಮೊದಲು ಆ ಗುಳ್ಳೆ ಅಮುಕಿಕೊಳ್ಳುತ್ತದೆ. ಅದೇ ಅತ್ತಿಗೆಯ ಎರಡು ಬೆರಳು. ನಮ್ಮ ಗಾಡಿಯ ಬ್ರೇಕ್ ಆಯಿಲ್ ಬದಲಾಯಿಸಿಯೇ ಇರಲಿಲ್ಲ. ವರ್ಷಕ್ಕೆ 7000 ಮಿಲಿಮೀಟರ್ ಮಳೆ ಬೀಳುವ ಆಗುಂಬೆಯ ಪಕ್ಕದಲ್ಲಿದ್ದುಕೊಂಡು, ಮೂರನೇ ವರ್ಷ ನಡೆಯುತ್ತಿದ್ದರೂ! ಮೆಕ್ಯಾನಿಕ್ ಹೊರಗೆ ತೆಗೆದಾಗ ಅದು ಕಷಾಯದ ಬಣ್ಣಕ್ಕಿತ್ತು. ಪ್ಯಾಡ್ ಚೆನ್ನಾಗೇ ಇತ್ತು. ತಪ್ಪು ಗಾಡಿಯದಲ್ಲ, ನಮ್ಮದು.

ನನ್ನನ್ನು ಹೆಚ್ಚು ಕಾಡಿದ್ದು ಇದು. ಅಪ್ಪ ಜೀಪ್ ಓಡಿಸಿದವರು. "ಹತ್ತಿದ ಗೇರಲ್ಲೇ ಇಳಿಬೇಕು" ಅನ್ನೋದು ಅವರ ಕಾಲದ ಎಲ್ಲ ಡ್ರೈವರುಗಳ ಬಾಯಲ್ಲಿತ್ತು. ನನಗೂ ಅದು ಕೈಯಲ್ಲಿತ್ತು. ನಾನು ಮ್ಯಾನುಯಲ್ ಗಾಡಿಯಲ್ಲಿ ಕಲಿತವನು, ಇಳಿಜಾರು ಬಂದರೆ ಕೈ ತಾನಾಗಿ ಎರಡನೇ ಗೇರಿಗೆ ಹೋಗುತ್ತದೆ. ಅತ್ತಿಗೆಗೆ ಆ ಮಾತು ಯಾರೂ ಹೇಳಲೇ ಇಲ್ಲ. ಗೇರಿನ ಚಿಂತೆಯೇ ಇಲ್ಲ ಅಂತ ಹೇಳಿ ತಾನೇ ನಾವು ಆ ಗಾಡಿ ಕೊಡಿಸಿದ್ದು.

ಬಟನ್ ಒತ್ತಿದಾಗ

ಸ್ಪೋರ್ಟ್ ಮೋಡ್ ಹಾಕಿದರೆ ಎಂಜಿನ್ನಿಗೆ ಒಂದು ಅಶ್ವಶಕ್ತಿಯೂ ಜಾಸ್ತಿ ಬರುವುದಿಲ್ಲ. ನಮ್ಮದರಂಥ ಸಣ್ಣ ಪೆಟ್ರೋಲ್ ಗಾಡಿಗಳಲ್ಲಿ 85 ಇದ್ದದ್ದು 85. ಬದಲಾಗುವುದು ಎರಡು ಸಂಗತಿ. ಒಂದು, ಪೆಡಲಿನ ಲೆಕ್ಕ. ಈಗಿನ ಗಾಡಿಗಳಲ್ಲಿ ಆಕ್ಸಿಲರೇಟರಿನಿಂದ ಎಂಜಿನ್ನಿಗೆ ಕೇಬಲ್ ಇಲ್ಲ, ಸೆನ್ಸರ್ ಇದೆ. ನೀವು ಒಂದು ಬೆರಳು ಒತ್ತಿದರೆ ಎರಡು ಬೆರಳು ಒತ್ತಿದರು ಅಂತ ಎಂಜಿನ್ನಿಗೆ ಹೇಳಬಹುದು. 'ಹಾರುತ್ತೆ' ಅನ್ನಿಸುವುದು ಬಹುಪಾಲು ಇದರಿಂದ. ಎರಡನೆಯದೇ ಅಸಲಿ: ಗೇರ್ ಬದಲಿಸುವ ಹೊತ್ತು. ಮಾಮೂಲಿಯಾಗಿ 2000 ದಾಟುತ್ತಲೇ ಮೇಲಿನ ಗೇರಿಗೆ ಹಾರುವ ಗಾಡಿ, 'ಎಸ್'ನಲ್ಲಿ 4000 ತನಕವೋ ಅದಕ್ಕೂ ಮೇಲೋ ಅದೇ ಗೇರ್ ಹಿಡಿದುಕೊಂಡಿರುತ್ತದೆ.

ಟರ್ಬೋ ಇಲ್ಲದ ಸಣ್ಣ ಎಂಜಿನ್ನಿಗೆ ಇದು ದೊಡ್ಡ ವ್ಯತ್ಯಾಸ. 1800 ಆರ್‌ಪಿಎಂನಲ್ಲಿ ಅದರಿಂದ ಸಿಗುವುದು ಹೆಚ್ಚೆಂದರೆ 25 ಅಶ್ವಶಕ್ತಿ. 3300ಕ್ಕೆ ಹೋದರೆ 50 ದಾಟುತ್ತದೆ. ಎಂಜಿನ್ ಅದೇ, ಪೆಟ್ರೋಲ್ ಅದೇ. ಕೂಗಿಸಿದರೆ ಮಾತ್ರ ಕೊಡುತ್ತದೆ.

2015ರ ಹೊಸ ಟಾಟಾ ನ್ಯಾನೊ ನೆನಪಿದೆಯಾ? ಅದರ ಎಎಂಟಿಯಲ್ಲೂ ಸ್ಪೋರ್ಟ್ ಮೋಡ್ ಇತ್ತು. 624 ಸಿಸಿ, ಎರಡು ಸಿಲಿಂಡರ್, 38 ಅಶ್ವಶಕ್ತಿ. ಆಗ ಎಲ್ಲರೂ ನಕ್ಕೆವು. ಈಗ ಅನ್ನಿಸುತ್ತದೆ, ಆ ಬಟನ್ ಬೇಕಾಗಿದ್ದದ್ದು ಅಂಥ ಗಾಡಿಗೇ. ದೊಡ್ಡ ಎಂಜಿನ್ ಯಾವ ಗೇರಲ್ಲಿದ್ದರೂ ಎಳೆಯುತ್ತದೆ. ಸಣ್ಣದಕ್ಕೆ ಸರಿಯಾದ ಗೇರೇ ಗತಿ. ಹೆಸರು ಇಟ್ಟವರು ತಪ್ಪು ಮಾಡಿದರು, ಅಷ್ಟೇ. 'ಸ್ಪೋರ್ಟ್' ಅನ್ನುವ ಬದಲು 'ಘಾಟಿ' ಅಂತ ಬರೆದಿದ್ದರೆ ಅತ್ತಿಗೆ ಮೊದಲ ದಿನವೇ ಒತ್ತುತ್ತಿದ್ದರು.

ಅಪ್ಪನ ಅಡಿಕೆ ಲೆಕ್ಕ

ಫೆಬ್ರವರಿಯ ಸರದಿಗೆ ಬ್ರೇಕ್ ಆಯಿಲ್ ಹೊಸದು. ಅತ್ತಿಗೆಯನ್ನು ಒಪ್ಪಿಸುವುದು ಕಷ್ಟವಾಯಿತು. ಮೊದಲು ಹತ್ತುವುದನ್ನು ಮಾತ್ರ ನೋಡೋಣ ಅಂತ ಮಾತಾಯಿತು. ಇಳಿಯುವಾಗ ನಾನು ಓಡಿಸಿದೆ, ಹತ್ತುವಾಗ ಅವರು.

ಹಿಂದೆ ಕೂತ ಅಪ್ಪನಿಗೆ ಒಂದು ಕೆಲಸ ಕೊಟ್ಟೆವು. ಗೇರ್ ಬದಲಾದಾಗ ಎಎಂಟಿಯಲ್ಲಿ ತಲೆ ಸ್ವಲ್ಪ ಮುಂದಕ್ಕೆ ತೂಗುತ್ತದೆ, ಗೊತ್ತಾಗಿಯೇ ಆಗುತ್ತದೆ. ಹಾಗೆ ಆದಾಗಲೆಲ್ಲ ಎಡ ಜೇಬಿನಿಂದ ಒಂದು ಅಡಿಕೆ ತೆಗೆದು ಬಲ ಜೇಬಿಗೆ ಹಾಕಬೇಕು. ಸೋಮೇಶ್ವರದಿಂದ ಮೇಲಿನ ಚೆಕ್‌ಪೋಸ್ಟ್ ತನಕ. ಫೆಬ್ರವರಿಯಲ್ಲಿ 'ಎ'ಯಲ್ಲೇ ಹತ್ತಿದೆವು, ಹೋಲಿಸಲು ಬೇಕಲ್ಲ. ಮಾರ್ಚ್‌ನಲ್ಲಿ 'ಎಸ್'. ಮೊದಲ ಸಲ 43 ಅಡಿಕೆ. ಎರಡನೇ ಸಲ 24. ಅಪ್ಪ ನಡುವೆ ಒಂದೆರಡನ್ನು ಬಾಯಿಗೆ ಹಾಕಿಕೊಂಡಿರಬಹುದು ಅಂತ ಅಮ್ಮನ ಅನುಮಾನ. ಅದನ್ನು ಬಿಟ್ಟರೂ ಹೆಚ್ಚು ಕಡಿಮೆ ಅರ್ಧ.

ಆ 19 ಕಡಿಮೆಯಾದದ್ದು ಎಲ್ಲಿ ಅನ್ನೋದು ಮುಖ್ಯ. ಎಲ್ಲ ತಿರುವಿನ ಹೊಟ್ಟೆಯಲ್ಲಿ. ಎಎಂಟಿ ಗೇರ್ ಬದಲಿಸುವಾಗ ಕ್ಲಚ್ ಬಿಡುತ್ತದೆ, ಆ ಅರೆ ಕ್ಷಣ ಚಕ್ರಕ್ಕೆ ಎಳೆತ ಇರುವುದಿಲ್ಲ. ನೇರ ರಸ್ತೆಯಲ್ಲಿ ಅದು ಬರೀ ತೂಕಡಿಕೆ. ಏರು ತಿರುವಿನಲ್ಲಿ ಗಾಡಿ ನಿಂತೇ ಹೋಗುವಷ್ಟು ಸೋಲುತ್ತದೆ. 'ಎಸ್'ನಲ್ಲಿ ಎರಡನೇ ಗೇರ್ ತಿರುವು ಮುಗಿಯುವ ತನಕ ಹಿಡಿದುಕೊಂಡಿತ್ತು. ಶಬ್ದ ಜಾಸ್ತಿ. ಅಮ್ಮ ಎರಡು ಸಲ "ಗಾಡಿ ಹಾಳಾಗುತ್ತೆ" ಅಂದರು. 3500ಕ್ಕೆ ಇಂಥ ಪೆಟ್ರೋಲ್ ಎಂಜಿನ್ ಹಾಳಾಗುವುದಿಲ್ಲ. ಅದು ಹಾಳಾಗುವುದು 1300ರಲ್ಲಿ ಏರು ಹತ್ತಿಸಿ ಟಕಟಕ ಅನ್ನಿಸಿದರೆ.

ಹಿಂದಕ್ಕೆ ಜಾರುವುದನ್ನು ಮಾತ್ರ 'ಎಸ್' ಸರಿ ಮಾಡಲಿಲ್ಲ. ಅದು ಅದರ ಕೆಲಸವೇ ಅಲ್ಲ. ಏರಿನಲ್ಲಿ ಹೊರಡುವಾಗ ಗಾಡಿಯನ್ನು ಒಂದು ಕ್ಷಣ ಹಿಡಿದಿಡುವ ಹಿಲ್ ಹೋಲ್ಡ್ ನಮ್ಮ ಗಾಡಿಯಲ್ಲಿ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಕೊಟ್ಟು, ಮೂತಿ ಸ್ವಲ್ಪ ಏಳುತ್ತಲೇ ಬಿಡುವುದನ್ನು ಮನೆ ಮುಂದಿನ ಏರಿನಲ್ಲಿ ಒಂದು ವಾರ ಅಭ್ಯಾಸ ಮಾಡಿದರು. ಇನ್ನೊಂದು ಕೆಟ್ಟ ಚಟ ಬಿಡಬೇಕಿತ್ತು: ಏರಿನಲ್ಲಿ ಗಾಡಿ ಸಾಲು ನಿಂತಾಗ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ತೂಗಿಸಿ ನಿಲ್ಲಿಸುವುದು. ಎಎಂಟಿಯಲ್ಲಿ ಹಾಗೆ ಮಾಡಿದರೆ ಕ್ಲಚ್ ಸುಡುತ್ತದೆ. 'ಎಸ್' ಹಾಕಿ ಮಾಡಿದರೆ ಇನ್ನೂ ಬೇಗ.

ಇಳಿಯುವ ಮಾತು

ಇಳಿಯುವುದಕ್ಕೆ 'ಎಸ್' ಅರ್ಧ ಔಷಧಿ. ಏಪ್ರಿಲ್‌ನಲ್ಲಿ ಅತ್ತಿಗೆ 'ಎಸ್' ಹಾಕಿಯೇ ಇಳಿಸಿದರು. ಕಾಲು ತೆಗೆದರೂ ಗಾಡಿ ನಾಲ್ಕಕ್ಕೆ ಹಾರಲಿಲ್ಲ, ಮೂರರಲ್ಲೇ ಉಳಿಯಿತು. ಬ್ರೇಕ್ ಬಳಕೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಕೆಳಗೆ ಬಂದು ಚಕ್ರದ ಹತ್ತಿರ ಕೈ ಹಿಡಿದರೆ ಬೆಚ್ಚಗಿತ್ತು, ಒಲೆ ಇರಲಿಲ್ಲ. ಆದರೆ ಕಡಿದಾದ ಕಡೆ ಮೂರು ಸಾಲದು, ಎರಡೇ ಬೇಕು. 'ಎಸ್' ತಾನಾಗಿ ಎರಡಕ್ಕೆ ಬರುವುದು ವೇಗ ಸಾಕಷ್ಟು ಇಳಿದ ಮೇಲೆ. ಅಂದರೆ ಮತ್ತೆ ಬ್ರೇಕ್.

ಅದಕ್ಕೆ ಸರಿಯಾದದ್ದು 'ಎಂ', ಅಂದರೆ ಲಿವರಿನಲ್ಲಿ ನಾವೇ ಗೇರ್ ಹಾಕುವ ಜಾಗ. ಎರಡು ಅಂತ ಹಾಕಿದರೆ, ಎಂಜಿನ್ ಮಿತಿ ಮೀರದ ಹೊರತು ಎರಡೇ. ಹಾಗಾದರೆ ಮೊದಲೇ 'ಎಂ' ಹೇಳಿಕೊಡಬಹುದಿತ್ತಲ್ಲ? ಹೇಳಿದ್ದೆ. ಜನವರಿಯಲ್ಲೇ ಹೇಳಿದ್ದೆ. "ಯಾವ ಗೇರ್ ಅಂತ ನನಗೆ ಹೇಗೆ ಗೊತ್ತಾಗಬೇಕು?" ಅಂದಿದ್ದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ತಿಂಗಳು 'ಎಸ್'ನಲ್ಲಿ ಹತ್ತಿ ಇಳಿದ ಮೇಲೆ ಅವರ ಕಿವಿಗೆ ಗೊತ್ತಾಯಿತು. ಎಂಜಿನ್ ಯಾವಾಗ ಹಿಡಿದುಕೊಂಡಿದೆ, ಯಾವಾಗ ಬಿಟ್ಟಿದೆ ಅನ್ನೋದನ್ನು ಶಬ್ದದಲ್ಲೇ ಹೇಳುತ್ತಾರೆ. ಮೇ ತಿಂಗಳಿಂದ ಹತ್ತುವುದು 'ಎಸ್', ಇಳಿಯುವುದು 'ಎಂ' ಎರಡು. ಆಗುಂಬೆ ಊರು ದಾಟುತ್ತಲೇ, ಮೊದಲ ತಿರುವಿಗೆ ಮುಂಚೆಯೇ ಹಾಕಿಬಿಡುತ್ತಾರೆ.

ಅಣ್ಣನ ತಕರಾರು ಪೆಟ್ರೋಲಿನದು. "ಇಳಿಯೋವಾಗ ನ್ಯೂಟ್ರಲ್ ಹಾಕಿದ್ರೆ ಪೆಟ್ರೋಲೇ ಬೇಡ, ನೀವು ಎಂಜಿನ್ ಕೂಗಿಸ್ತೀರಿ" ಅಂತ. ಮಲೆನಾಡಿನಲ್ಲಿ ಈ ನಂಬಿಕೆ ಅಣ್ಣನೊಬ್ಬನದಲ್ಲ. ಇದು ಉಲ್ಟಾ. ಗೇರಲ್ಲಿದ್ದು ಕಾಲು ಪೂರ್ತಿ ತೆಗೆದರೆ ಈಗಿನ ಫ್ಯೂಯಲ್ ಇಂಜೆಕ್ಷನ್ ಎಂಜಿನ್ ಪೆಟ್ರೋಲ್ ಚಿಮುಕಿಸುವುದನ್ನೇ ನಿಲ್ಲಿಸುತ್ತದೆ. ಇಳಿಜಾರೇ ಚಕ್ರ ತಿರುಗಿಸುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ಮೀಟರಿನಲ್ಲಿ ಆ ಕ್ಷಣದ ಮೈಲೇಜ್ ಸೂಜಿ ಕೊನೆಗೆ ಹೋಗಿ ನಿಂತಿರುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆರದ ಹಾಗೆ ಒಂದಿಷ್ಟು ಪೆಟ್ರೋಲ್ ಸುರಿಯುತ್ತಲೇ ಇರಬೇಕು. ಬ್ರೇಕಿನ ಗತಿಯಂತೂ ಕೇಳುವುದೇ ಬೇಡ.

ಹತ್ತುವಾಗ ಒಂದಿಷ್ಟು ಜಾಸ್ತಿ ಕುಡಿಯುತ್ತದೆ, ಸುಳ್ಳಲ್ಲ. ಹೋಗಿ ಬರುವ 180 ಕಿಲೋಮೀಟರಿಗೆ ನಮ್ಮ ಮೀಟರ್ ತೋರಿಸಿದ್ದು ಮೊದಲು ಲೀಟರಿಗೆ 17 ಕಿಲೋಮೀಟರ್, ಈಗ 16.5. ಲೆಕ್ಕ ಹಾಕಿದರೆ ಕಾಲು ಲೀಟರಿಗಿಂತ ಚೂರು ಮೇಲೆ. ಮೂವತ್ತು ರೂಪಾಯಿ. ಸೋಮೇಶ್ವರದಲ್ಲಿ ನಾವು ಕುಡಿದ ಟೀಗೇ ಅದಕ್ಕಿಂತ ಜಾಸ್ತಿ ಆಗಿತ್ತು.

ಎಲ್ಲಿ ಬೇಡ

ಜೂನ್‌ನಲ್ಲಿ ಮಳೆ ಹಿಡಿಯಿತು. ಆಗ 'ಎಸ್' ಬಂದ್. ಇದನ್ನು ನಾನು ಅತ್ತಿಗೆಗೆ ಹೇಳಿದ್ದಲ್ಲ, ಅವರೇ ಕಂಡುಕೊಂಡದ್ದು. ತಿರುವಿನಲ್ಲಿ ಪಾಚಿ, ಕೊಳೆತ ಎಲೆ, ರಸ್ತೆಗೆ ಅಡ್ಡ ಹರಿಯುವ ನೀರು. 'ಎಸ್'ನಲ್ಲಿ ಪೆಡಲ್ ಚುರುಕು, ಸ್ವಲ್ಪ ಒತ್ತಿದರೂ ಗಾಡಿ ಎರಡರಿಂದ ಒಂದಕ್ಕೆ ಧುಮುಕಿ ಎಳೆಯುತ್ತದೆ. ಮುಂದಿನ ಚಕ್ರ ಒಂದು ಸಲ ಜರ್ರನೆ ಸುತ್ತಿತು. ಅಷ್ಟೇ ಆದದ್ದು, ಆದರೆ ಅಷ್ಟು ಸಾಕಾಯಿತು. ಮಳೆಗಾಲದಲ್ಲಿ ಹತ್ತುವುದಕ್ಕೂ 'ಎಂ' ಎರಡು, ಮೆತ್ತನೆ ಕಾಲು.

ಊರೊಳಗೆ 'ಎಸ್' ದಂಡ. ಅಣ್ಣನ ಮಗ ಒಂದು ವಾರ ಗಾಡಿಯನ್ನು ಬೆಂಗಳೂರಿಗೆ ಒಯ್ದಿದ್ದ. ಒತ್ತಿದ ಬಟನ್ ತೆಗೆಯಲಿಲ್ಲ. ಹಂಪ್‌ನಿಂದ ಹಂಪ್‌ಗೆ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಎರಡನೇ ಗೇರಲ್ಲಿ ಕೂಗಿಸಿಕೊಂಡು ಹೋದ. ಲೀಟರಿಗೆ 10 ಕೊಟ್ಟಿತಂತೆ. ಬೇಗ ಮುಟ್ಟಿದೆಯಾ ಅಂತ ಕೇಳಿದರೆ ಮಾತು ಬದಲಿಸಿದ.

ಹೆಬ್ರಿ ದಾಟಿದ ಮೇಲೆ ಉಡುಪಿ ದಾರಿಯಲ್ಲಿ ಒಂದು ಉಪಯೋಗ ಇದೆ. ಲಾರಿ ಹಿಂದೆ ಹಾಕುವಾಗ ಎಎಂಟಿ ಯೋಚಿಸುತ್ತಾ ಕೂರುತ್ತದೆ. ಕಾಲು ಒತ್ತಿದ ಮೇಲೆ ಗೇರ್ ಇಳಿಸಿ, ಆಮೇಲೆ ಎಳೆಯುವುದು. ಎದುರು ರಸ್ತೆ ಖಾಲಿ ಕಂಡಾಗಲೇ, ಹೊರಗೆ ಬರುವ ಮೊದಲೇ ಬಟನ್ ಒತ್ತಿದರೆ ಆ ಇಳಿಸುವ ಕೆಲಸ ಆಗಲೇ ಮುಗಿದಿರುತ್ತದೆ. ಹಿಂದೆ ಹಾಕಿದ ಮೇಲೆ ಮತ್ತೆ ಒತ್ತಿ ತೆಗೆಯುವುದು.

ಇದು ಎಎಂಟಿ ಗಾಡಿಯ ಕಥೆ ಅನ್ನೋದು ನೆನಪಿರಲಿ. ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್ ಗಾಡಿಯಲ್ಲಿ 'ಎಸ್' ಹಾಕಿದರೂ ಎಂಜಿನ್ ಎತ್ತರದ ಆರ್‌ಪಿಎಂನಲ್ಲೇ ಇರುತ್ತದೆ, ಆದರೆ ಗೇರಿನ ಅನುಪಾತ ಮೆಟ್ಟಿಲಿಲ್ಲದೆ ನಯವಾಗಿ ಬದಲಾಗುವುದರಿಂದ ಈ ಕುಲುಕಾಟ ಇಲ್ಲ. ಎಲೆಕ್ಟ್ರಿಕ್ ಗಾಡಿಯ ಸ್ಪೋರ್ಟ್ ಬೇರೆಯೇ ಸಂಗತಿ, ಅಲ್ಲಿ ಬದಲಿಸಲು ಗೇರೇ ಇರುವುದಿಲ್ಲ.

ಈಗ ನವೆಂಬರ್. ಅಪ್ಪನ ಎಡಗಣ್ಣಿನ ಪೊರೆ ತೆಗೆಸಿಯಾಯಿತು, ಬಲಗಣ್ಣು ಡಿಸೆಂಬರಿಗೆ. ಘಾಟಿ ಪೂರ್ತಿ ಅತ್ತಿಗೆಯದೇ, ನನ್ನನ್ನು ಸ್ಟೀರಿಂಗ್ ಮುಟ್ಟಲು ಬಿಡುವುದಿಲ್ಲ. ಮುಂದಿನ ತಿಂಗಳು ಕುಂದಾಪುರದ ಕಡೆ ಒಂದು ಮದುವೆ ಇದೆ, ಹುಲಿಕಲ್ ಘಾಟಿ ಇಳಿಯಬೇಕು. ಅಲ್ಲಿ ಲಾರಿಗಳೂ ಇರುತ್ತವೆ. ಅಪ್ಪ ಈಗಲೇ ಕೇಳುತ್ತಿದ್ದಾರೆ, ಎಷ್ಟು ಅಡಿಕೆ ಇಟ್ಟುಕೊಳ್ಳಲಿ ಅಂತ.